ಸಿಡಿ ಕಳೆದುಹೋಯಿತೇ? ಪೆನ್‌ಡ್ರೈವ್ ಹಿಡಿದು ಕೂರಿ: ಹಳೆಯ ಕಂಪ್ಯೂಟರ್‌ಗೆ ಮತ್ತೆ ಓಎಸ್ ಹಾಕುವ 9 ಸೂತ್ರಗಳು

ಅಣ್ಣ ಡಿಗ್ರಿ ಓದುವಾಗ ಕೊಂಡ ಕಂಪ್ಯೂಟರ್ ಮನೆಯ ಮೂಲೆಯಲ್ಲಿದೆ. ಆನ್ ಮಾಡಿದರೆ ವಿಂಡೋಸ್ ಅರ್ಧಕ್ಕೇ ನಿಲ್ಲುತ್ತದೆ. ಜೊತೆಗೆ ಬಂದಿದ್ದ ಸಿಡಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಅದರ ಮೇಲೊಂದು ಬಟ್ಟೆ ಹೊದಿಸಿ, ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಕೂಡಿಸುತ್ತಿದ್ದೀರಿ. ಕೆಪಿಎಸ್‌ಸಿ ತಯಾರಿ, ಟ್ಯಾಲಿ ಅಭ್ಯಾಸ, ಕಾಲೇಜಿನ ಪ್ರಾಜೆಕ್ಟ್ ಎಲ್ಲವನ್ನೂ ಮುಂದಕ್ಕೆ ಹಾಕುತ್ತಿದ್ದೀರಿ. ನಿಲ್ಲಿಸಿ. ಕಾರವಾರದಲ್ಲಿರಿ, ಅಂಕೋಲಾದಲ್ಲಿರಿ, ಈ ವಾರಾಂತ್ಯದಲ್ಲಿ ಆ ಯಂತ್ರಕ್ಕೆ ಜೀವ ಕೊಡಿ.

1. ಸಿಡಿ ಹುಡುಕುವುದನ್ನು ಬಿಡಿ, ಲೈಸೆನ್ಸ್ ಹುಡುಕಿ

ನೀವು ದುಡ್ಡು ಕೊಟ್ಟದ್ದು ಲೈಸೆನ್ಸ್‌ಗೆ. ವಿಂಡೋಸ್ 10 ಮತ್ತು 11ರ ಇನ್‌ಸ್ಟಾಲರ್ ಮೈಕ್ರೋಸಾಫ್ಟ್‌ನ ಸೈಟ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ. ಲೈಸೆನ್ಸ್ ಬಹುಪಾಲು ನಿಮ್ಮ ಯಂತ್ರದಲ್ಲೇ ಇದೆ. ಎಕ್ಸ್‌ಪಿ, ವಿಸ್ಟಾ, ವಿಂಡೋಸ್ 7 ಕಾಲದ್ದಾದರೆ ಕ್ಯಾಬಿನೆಟ್‌ನ ಬದಿಗೆ ಅಥವಾ ಲ್ಯಾಪ್‌ಟಾಪ್‌ನ ಅಡಿಗೆ 25 ಅಕ್ಷರಗಳ ಕೀ ಇರುವ ಸ್ಟಿಕರ್ ನೋಡಿ. ಅಕ್ಷರ ಮಾಸುವ ಮೊದಲೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ವಿಂಡೋಸ್ 8 ಅಥವಾ ಅದರ ನಂತರದ ವಿಂಡೋಸ್ ಹಾಕಿಕೊಂಡೇ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಮದರ್‌ಬೋರ್ಡ್‌ನೊಳಗೇ ಇರುತ್ತದೆ, ಇನ್‌ಸ್ಟಾಲರ್ ತಾನೇ ಓದಿಕೊಳ್ಳುತ್ತದೆ. ಒಮ್ಮೆ ವಿಂಡೋಸ್ 10 ಆಕ್ಟಿವೇಟ್ ಆಗಿದ್ದ ಯಂತ್ರಕ್ಕೆ ಡಿಜಿಟಲ್ ಲೈಸೆನ್ಸ್ ಇರುತ್ತದೆ. ಕೀ ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಒತ್ತಿ, ಮೊದಲಿದ್ದ ಎಡಿಷನ್ನನ್ನೇ ಆರಿಸಿ. ನಮ್ಮಲ್ಲಿ ಮಾರಾಟವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಅಲ್ಲಿ ‘ಪ್ರೊ’ ಹಾಕಿದರೆ ಆಕ್ಟಿವೇಟ್ ಆಗುವುದಿಲ್ಲ.

ಒಂದು ಎಚ್ಚರ: ವಿಂಡೋಸ್ 7ರ ಕೀಯಿಂದ ಈಗ ವಿಂಡೋಸ್ 10 ಆಕ್ಟಿವೇಟ್ ಆಗದು. ಆ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

2. ತಪ್ಪು ಓಎಸ್‌ನದೋ ಹಾರ್ಡ್‌ವೇರ್‌ನದೋ, ಮೊದಲು ತೀರ್ಮಾನಿಸಿ

ಕಡಲ ಗಾಳಿ ಮತ್ತು ಮಳೆಗಾಲದ ತೇವ ನಮ್ಮೂರಿನ ಕಂಪ್ಯೂಟರ್‌ಗಳ ದೊಡ್ಡ ಶತ್ರುಗಳು. ರ‍್ಯಾಮ್‌ನ ಹೊಂಬಣ್ಣದ ಅಂಚಿಗೆ ಕಿಲುಬು ಹಿಡಿದರೆ ಯಂತ್ರ ಬೀಪ್ ಮಾಡುತ್ತದೆ, ಇಲ್ಲವೇ ನೀಲಿ ಪರದೆ ತೋರಿಸುತ್ತದೆ. ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು, ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದೆಯೇ? ಮದರ್‌ಬೋರ್ಡ್‌ನ ಬಟನ್ ಸೆಲ್ ಬದಲಿಸಿ. ಡೆಸ್ಕ್‌ಟಾಪ್‌ಗೆ ಸಾಮಾನ್ಯವಾಗಿ ಸಿಆರ್2032 ಸಾಕು. ತಾರೀಖು ತಪ್ಪಿದ್ದರೆ ಸೈಟ್‌ಗಳು ತೆರೆಯುವುದಿಲ್ಲ, ಆಕ್ಟಿವೇಷನ್‌ಗೂ ತೊಂದರೆಯಾಗುತ್ತದೆ. ನೀವು ಓಎಸ್ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಹಾರ್ಡ್ ಡಿಸ್ಕ್‌ನ ಆರೋಗ್ಯವನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ನೋಡಿ. ಎಚ್ಚರಿಕೆ ತೋರಿಸಿದರೆ ಆ ಡಿಸ್ಕ್‌ಗೆ ಓಎಸ್ ಹಾಕಿ ಸಮಯ ಕಳೆಯಬೇಡಿ. ಕೈಯಲ್ಲಿರುವ ದುಡ್ಡಿನಲ್ಲಿ ಒಂದೇ ಒಂದು ಭಾಗ ಬದಲಿಸಬಹುದಾದರೆ ಎಸ್‌ಎಸ್‌ಡಿ ಹಾಕಿ. ಹಳೆಯ ಯಂತ್ರದ ವೇಗ ಕಣ್ಣಿಗೆ ಕಾಣುವಷ್ಟು ಬದಲಾಗುವುದು ಅದರಿಂದಲೇ.

3. ಬ್ಯಾಕಪ್ ಮಾಡಿ, ಆಮೇಲೆ ಮುಂದಿನ ಮಾತು

ಫಾರ್ಮ್ಯಾಟ್ ಮಾಡಿದ ಮೇಲೆ ಅಳುವುದರಿಂದ ಏನೂ ವಾಪಸ್ ಬರುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಅಂಗಡಿಯ ಲೆಕ್ಕವಿದ್ದರೆ ಟ್ಯಾಲಿಯ ಡೇಟಾ ಫೋಲ್ಡರ್ ಮರೆಯಬೇಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಎತ್ತಿಡಿ.

ಕನ್ನಡಿಗರಿಗೆ ಇನ್ನೊಂದು ಕೆಲಸ ಇದೆ, ಇದನ್ನು ಹೆಚ್ಚಿನವರು ಬಿಡುತ್ತಾರೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಬಹಳಷ್ಟು ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಪ್ಪನ ಅರ್ಜಿ, ನಿಮ್ಮ ಬಯೋಡೇಟಾ, ಸಂಘದ ವಾರ್ಷಿಕ ವರದಿ ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗೆ ‘ಫಾಂಟ್ಸ್’ ತೆರೆಯಿರಿ. ನುಡಿ, ಬರಹದ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿ. ಮುಖ್ಯವಾದ ಫೈಲ್‌ಗಳನ್ನು ಪಿಡಿಎಫ್ ಆಗಿಯೂ ಉಳಿಸಿ.

ವಿಂಡೋಸ್ ತೆರೆಯುವುದೇ ಇಲ್ಲವೇ? ಗಾಬರಿ ಬೇಡ. ಸ್ನೇಹಿತರ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್‌ನ ಪೆನ್‌ಡ್ರೈವ್ ತಯಾರಿಸಿ, ಅದರಿಂದ ನಿಮ್ಮ ಯಂತ್ರ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡದೆಯೇ ಅದು ಓಡುತ್ತದೆ, ಹಳೆಯ ಡ್ರೈವ್ ತೆರೆದು ತೋರಿಸುತ್ತದೆ. ಫೈಲ್‌ಗಳನ್ನು ಇನ್ನೊಂದು ಡ್ರೈವ್‌ಗೆ ಎಳೆದುಕೊಳ್ಳಿ.

4. ರಿಕವರಿ ಪಾರ್ಟಿಷನ್ ಇದೆಯೇ, ಪರೀಕ್ಷಿಸಿ

ಕಂಪನಿಗಳು ಎಷ್ಟೋ ಲ್ಯಾಪ್‌ಟಾಪ್‌ಗಳ ಡಿಸ್ಕ್‌ನೊಳಗೇ ಮೂಲ ವಿಂಡೋಸ್ ಬಚ್ಚಿಟ್ಟಿರುತ್ತವೆ. ಆನ್ ಆಗುವಾಗ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಏಸುಸ್‌ನಲ್ಲಿ ಎಫ್9 ಒತ್ತಿ ನೋಡಿ. ಬಂದರೆ ಪೆನ್‌ಡ್ರೈವ್ ಕೂಡ ಬೇಡ.

5. ಯಂತ್ರದ ಶಕ್ತಿ ನೋಡಿ ಓಎಸ್ ಆರಿಸಿ

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ಸೌಲಭ್ಯ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು. ನಿಮ್ಮ ಯಂತ್ರ ಅದಕ್ಕಿಂತ ಹಳೆಯದಾದರೆ ನನ್ನ ಸಲಹೆ ನೇರ: ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಜೊತೆಗೇ ಬರುತ್ತವೆ. ಕೀ ಬೇಕಿಲ್ಲ, ಕಾಸು ಬೇಕಿಲ್ಲ.

‘ಲಿನಕ್ಸ್ ನಮಗೆ ಬರುವುದಿಲ್ಲ’ ಎನ್ನುವ ಅಭ್ಯಾಸ ಬಿಡಿ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಐಟಿ ಪಾಠ ಮಾಡುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಬರುವುದು ನಿಮಗೂ ಬರುತ್ತದೆ.

ಆದರೆ ಟ್ಯಾಲಿ ಕಲಿಯುವುದೇ ನಿಮ್ಮ ಗುರಿಯಾದರೆ ವಿಂಡೋಸ್‌ನಲ್ಲೇ ಇರಿ, ಟ್ಯಾಲಿ ಬರೆದಿರುವುದು ಅದಕ್ಕಾಗಿ. ಹಳೆಯ ವಿಂಡೋಸ್ ಇರುವ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾತ್ರ ಬೇಡ.

6. ‘ಕ್ರ್ಯಾಕ್’ ಕೈಗೆತ್ತಿಕೊಳ್ಳಬೇಡಿ

ಪುಕ್ಕಟೆ ಆಕ್ಟಿವೇಟರ್‌ಗಳು ಕೇಳುವ ಮೊದಲ ಬೆಲೆ ಆಂಟಿವೈರಸ್ ಆಫ್ ಮಾಡುವುದು. ಆಮೇಲೆ ನಿಮ್ಮ ಪಾಸ್‌ವರ್ಡ್ ಯಾರ ಪಾಲಾಯಿತೋ ತಿಳಿಯುವುದಿಲ್ಲ. ಲೈಸೆನ್ಸ್ ಇದ್ದರೆ ವಿಂಡೋಸ್, ಇಲ್ಲದಿದ್ದರೆ ಲಿನಕ್ಸ್. ಮೂರನೇ ದಾರಿ ಬೇಡ.

7. ಡೌನ್‌ಲೋಡ್‌ಗೆ ಜಾಗ ಆರಿಸಿ, ಇನ್‌ಸ್ಟಾಲ್‌ಗೆ ಹೊತ್ತು ಆರಿಸಿ

8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಮಿಂಟ್ ಫೈಲ್ ಸುಮಾರು 3 ಜಿಬಿ, ವಿಂಡೋಸ್ ಅದಕ್ಕಿಂತ ದೊಡ್ಡದು. ಹಿಲ್ಲೂರು, ಅಚವೆ, ಸುಂಕಸಾಳದ ಕಡೆಯ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಹಟ ಹಿಡಿಯಬೇಡಿ. ಪೇಟೆಯಲ್ಲಿ ಫೈಬರ್ ಇರುವ ಸ್ನೇಹಿತರ ಮನೆಗೆ ಹೋಗಿ. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್, ಮಿಂಟ್‌ಗೆ ರೂಫಸ್ ಬಳಸಿ. ಹಳೆಯ ಬಯೋಸ್ ಯಂತ್ರಕ್ಕೆ ರೂಫಸ್‌ನಲ್ಲಿ ಎಂಬಿಆರ್ ಆರಿಸಿ. ಡೌನ್‌ಲೋಡ್ ಮುಗಿದ ಮೇಲೆ ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತೋರಿಸುವ ಸಂಕೇತ) ತಾಳೆ ನೋಡಿ. ಅರ್ಧ ಕೆಟ್ಟ ಫೈಲ್ ಇನ್‌ಸ್ಟಾಲ್‌ನ ನಡುವೆ ಕೈಕೊಡುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಗುಡುಗು-ಗಾಳಿ ಎದ್ದ ದಿನ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಕೈ ಹಾಕಲೇಬೇಡಿ. ಪಾರ್ಟಿಷನ್ ಬದಲಾಗುತ್ತಿರುವಾಗ ಕರೆಂಟ್ ಹೋದರೆ ಡಿ ಡ್ರೈವ್‌ನ ಡೇಟಾಕ್ಕೂ ಅಪಾಯ. ಹೆಸ್ಕಾಂನವರು ಕರೆಂಟ್ ತೆಗೆಯುವುದಾಗಿ ತಿಳಿಸಿದ ದಿನವನ್ನೂ ಬಿಡಿ. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಹಾಕಿಕೊಂಡೇ ಶುರು ಮಾಡಿ.

8. ಬೂಟ್ ಮಾಡಿ, ಪ್ರತಿ ಹೆಜ್ಜೆ ಬರೆದಿಡಿ

ಬೂಟ್ ಮೆನುವಿಗೆ ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿ. ಯಾವ ಪಾರ್ಟಿಷನ್ ಅಳಿಸುತ್ತಿದ್ದೀರಿ ಎಂಬುದನ್ನು ಅದರ ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ, ಆಮೇಲೆ ಒತ್ತಿ. ಮಾಡಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾವ ಎರರ್ ಬಂತು, ಹೇಗೆ ಬಗೆಹರಿಯಿತು. ಐಟಿ ಸಪೋರ್ಟ್ ಇಂಟರ್‌ವ್ಯೂನಲ್ಲಿ ‘ಒಂದು ಸಮಸ್ಯೆ ಬಿಡಿಸಿದ್ದು ಹೇಳಿ’ ಎಂದರೆ ಆ ಪುಟವೇ ನಿಮ್ಮ ಉತ್ತರ.

9. ಮೊದಲ ಗಂಟೆಯಲ್ಲೇ ಉಳಿದದ್ದು ಮುಗಿಸಿ

ವೈ-ಫೈ ಡ್ರೈವರ್ ಸಿಗಲಿಲ್ಲವೇ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್‌ನೆಟ್ ಬರುತ್ತದೆ. ಅಪ್‌ಡೇಟ್ ಓಡಿಸಿ. ಕನ್ನಡ ಕೀಬೋರ್ಡ್ ಸೇರಿಸಿ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೋನೆಟಿಕ್ ಇದೆ. ಮಿಂಟ್‌ನಲ್ಲಿ ಐಬಸ್ ಮೂಲಕ ಹಾಕಿಕೊಳ್ಳಿ. ಎತ್ತಿಟ್ಟ ಫಾಂಟ್‌ಗಳನ್ನು ಇನ್‌ಸ್ಟಾಲ್ ಮಾಡಿ, ಹಳೆಯ ನುಡಿ ಫೈಲೊಂದನ್ನು ತೆರೆದು ಓದಿ. ಅಕ್ಷರಗಳು ಸರಿಯಾಗಿ ಬಂದರೂ ಬ್ಯಾಕಪ್ ಡ್ರೈವನ್ನು ಇನ್ನೊಂದು ತಿಂಗಳು ಅಳಿಸಬೇಡಿ.