ಬಣ್ಣದ ಕಾಗದದ ಓಣಿ: ನಮ್ಮ ಕಣ್ಣಿನಿಂದಲೇ ಪರೀಕ್ಷೆ ಮಾಡೋಣ

ಪಾಠದ ಉದ್ದೇಶ: ಪ್ಲಾಟು, ಮನೆ ಮಾರುವವರು ತೋರಿಸುವ ಕಂಪ್ಯೂಟರ್ ಚಿತ್ರವನ್ನು ಹೇಗೆ ನೋಡಬೇಕು ಎಂದು ತಿಳಿಯುವುದು.
ಬೇಕಾಗುವ ಸಾಮಾನು: ಅಂಥ ಒಂದು ಜಾಹೀರಾತಿನ ಕಾಗದ, ಅಳತೆ ಪಟ್ಟಿ, ಪೆನ್ಸಿಲ್.
ಸಮಯ: ಒಂದು ತಾಸು.



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ಊರ ಅಂಚಿನ ಹೊಲಗಳಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟಿರುವುದನ್ನು ನೀವು ನೋಡಿದ್ದೀರಿ. ಹೊಲ ಪ್ಲಾಟಾಗುವ ಗುರುತು ಅದು. ಅದರ ಬೆನ್ನಿಗೇ ನಮ್ಮ ಕೈಗೆ ಒಂದು ಮಿಂಚುವ ಕಾಗದ ಬರುತ್ತದೆ. ಅದರಲ್ಲಿ ಅಗಲವಾದ ರಸ್ತೆ, ಎರಡೂ ಬದಿ ಗಿಡ, ಸಾಲು ಮನೆ, ಸೈಕಲ್ ಹೊಡೆಯುವ ಮಕ್ಕಳು. ನೋಡಿದರೆ ಫೋಟೋ ಅನ್ನಿಸುತ್ತದೆ. ಆದರೆ ಅದು ಫೋಟೋ ಅಲ್ಲ, ಇನ್ನೂ ಇಲ್ಲದ ಓಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸಿದ್ದು.

ನಮ್ಮ ಒಂದು ಸಂಘದ ಸಭೆಗೆ ಸದಸ್ಯೆಯೊಬ್ಬರು ಇಂಥ ಕಾಗದ ತಂದಿದ್ದರು. ಹದಿನಾಲ್ಕು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದವರು. ಕೊರಳ ಬೋರಮಾಳ ಒತ್ತೆ ಇಟ್ಟಾಗಿತ್ತು. ಸಂಘದಿಂದ ಇನ್ನೂ 50,000 ರೂಪಾಯಿ ಸಾಲ ಬೇಕಾಗಿತ್ತು. “ಐತವಾರದೊಳಗ ಮುಂಗಡ ಕೊಡಬೇಕಂತ್ರಿ ಸಿಸ್ಟರ್. ಇಲ್ಲಾಂದ್ರ ಪ್ಲಾಟು ಬ್ಯಾರೇದವರಿಗೆ ಹೋಗತೈತಂತ” ಎಂದರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸ್ವಂತ ಮನೆಯ ಆಸೆ ತಪ್ಪಲ್ಲವಲ್ಲ!

ನಾವು ಆ ಕಾಗದವನ್ನು ಗೋಡೆಗೆ ಅಂಟಿಸಿ, “ಕಾಲು ತಾಸು ಎಲ್ಲರೂ ಸುಮ್ಮನೆ ನೋಡಿರಿ, ಆಮೇಲೆ ಮಾತಾಡೋಣ” ಎಂದೆವು. ಒಬ್ಬರು, “ಇದರಾಗ ನಮಗೇನು ತಿಳೀತೈತ್ರಿ? ಕಂಪ್ಯೂಟರ್ ಕಲಿತವರು ಹೇಳಬೇಕು” ಎಂದರು. ಆಗ ನಾವು ಹೇಳಿದ್ದು ಇಷ್ಟೇ: ಕಂಪ್ಯೂಟರ್ ನಿಮಗೆ ಗೊತ್ತಿಲ್ಲದಿರಬಹುದು, ಓಣಿ ಗೊತ್ತಿದೆ. ದಿನಾ ಬೆಳಗ್ಗೆ ಅಂಗಳ ಗುಡಿಸಿ ನೀರು ಹಾಕುವವರಿಗಿಂತ ಓಣಿಯನ್ನು ಚೆನ್ನಾಗಿ ಬಲ್ಲವರು ಯಾರು? ಅಂದು ಕಲಿತದ್ದನ್ನು ಮೂರು ಭಾಗ ಮಾಡಿ ಇಲ್ಲಿ ಕೊಟ್ಟಿದ್ದೇವೆ.

1. ಮೈ ನೋಡಿರಿ

ಕಂಪ್ಯೂಟರಿನಲ್ಲಿ ಮನೆ ಕಟ್ಟುವವರು ಮೊದಲು ಖಾಲಿ ಡಬ್ಬಿಯಂಥ ಆಕಾರ ಮಾಡುತ್ತಾರೆ. ಆಮೇಲೆ ಅದರ ಮೇಲೆ ಇಟ್ಟಿಗೆಯದೋ, ಕಲ್ಲಿನದೋ, ಗಿಲಾವಿನದೋ ಚಿತ್ರವನ್ನು ಹೊದಿಕೆಯಂತೆ ಅಂಟಿಸುತ್ತಾರೆ. ಇದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಚಿಕ್ಕ ಹೊದಿಕೆ ದೊಡ್ಡ ಗೋಡೆಗೆ ಸಾಲದಿದ್ದಾಗ ಅದನ್ನೇ ಮತ್ತೆ ಮತ್ತೆ ಜೋಡಿಸುತ್ತಾರೆ. ಛಾಪಾ ಹಾಕಿದ ಬಟ್ಟೆಯಲ್ಲಿ ಅದೇ ಹೂವು ಗೇಣಿಗೊಂದು ಬರುವಂತೆ, ಗೋಡೆಯ ಮೇಲೆ ಅದೇ ಕಲೆ, ಅದೇ ಬಿರುಕು ಅಳತೆ ಹಿಡಿದು ಬರುತ್ತದೆ. ನಿಜವಾದ ಗೋಡೆಯಲ್ಲಿ ಎರಡು ಕಲೆ ಒಂದೇ ಥರ ಇರುವುದಿಲ್ಲ. ಗಿಡಗಳೂ ಹಾಗೆಯೇ. ಆ ಕಾಗದದಲ್ಲಿ ಆರು ಗಿಡ ಇದ್ದವು, ಆರಕ್ಕೂ ಬಲಗಡೆ ಒಂದೇ ಕಡೆ ಒಂದೇ ಟೊಂಗೆ ಬಾಗಿತ್ತು.

ಗೌಂಡಿ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ಕಂಪೌಂಡಿನ ಇಟ್ಟಿಗೆ ಎಣಿಸಿದರು. ಏಳು ಅಡಿ ಬಾಗಿಲಿನ ಎತ್ತರಕ್ಕೆ ಬರೀ ಹನ್ನೆರಡು ಸಾಲು! ಏಳು ಅಡಿ ಎಂದರೆ 84 ಇಂಚು. ಹಾಗಾದರೆ ಒಂದು ಸಾಲು ಏಳು ಇಂಚು ಆಯಿತು. “ಇಂಥಾ ಇಟ್ಟಂಗಿ ನಾ ಹೊತ್ತಿಲ್ರಿ” ಎಂದು ನಕ್ಕರು. ಹೊದಿಕೆಯನ್ನು ಹಿಗ್ಗಿಸಿ ಅಂಟಿಸಿದ್ದು ಹೀಗೆ ಸಿಕ್ಕಿಬಿತ್ತು.

ಇನ್ನು ಬಳಕೆಯ ಗುರುತು. ಯಲ್ಲಮ್ಮನ ಗುಡ್ಡದ ಕಲ್ಲುಗಳನ್ನು ನೆನೆಯಿರಿ. ಜನ ತುಳಿದು ತುಳಿದು ನುಣುಪಾಗಿವೆ, ಸಂದಿಯಲ್ಲಿ ಭಂಡಾರದ ಹಳದಿ ಕೂತಿದೆ. ಕಿತ್ತೂರ ಕೋಟೆಯ ಹಾಳುಗೋಡೆಯನ್ನು ನೆನೆಯಿರಿ. ಮಳೆ-ಗಾಳಿ ಒಂದೊಂದು ಕಡೆ ಒಂದೊಂದು ರೀತಿ ತಿಂದಿದೆ. ನಮ್ಮ ಎರಿ ನೆಲದ ಊರಲ್ಲಂತೂ ಒಂದು ಮಳೆಗಾಲ ಕಳೆದರೆ ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕರಿ ರಾಡಿ ಸಿಡಿದಿರುತ್ತದೆ. ಚಿತ್ರದ ಗೋಡೆಗೆ ಒಂದು ಹನಿಯೂ ಸಿಡಿದಿರಲಿಲ್ಲ. ಹೊಸ ಮನೆ ಸ್ವಚ್ಛ ಇರಲಿ, ತಪ್ಪಲ್ಲ. ಆದರೆ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ ದೊಡ್ಡದು: “ಬಳಸಿದ ನೀರು ಎಲ್ಲಿಗೆ ಹೋಗತೈತಿ? ಓಣಿ ತುಂಬ ಹುಡುಕಿದೆ, ಒಂದು ಗಟಾರನೂ ಕಾಣವಲ್ತು.”

2. ಬೆಳಕು ನೋಡಿರಿ

ಸೂರ್ಯ ಒಬ್ಬನೇ. ಆದ್ದರಿಂದ ಒಂದು ಹೊತ್ತಿನಲ್ಲಿ ಎಲ್ಲ ನೆರಳೂ ಒಂದೇ ದಿಕ್ಕಿಗೆ ಬೀಳಬೇಕು. ಆ ಚಿತ್ರದಲ್ಲಿ ಗಿಡಗಳ ನೆರಳು ಬಲಕ್ಕೆ, ನಿಂತ ಕಾರಿನ ನೆರಳು ಎಡಕ್ಕೆ. ಕಾರನ್ನು ಬೇರೆ ಎಲ್ಲಿಂದಲೋ ತಂದು ಇಟ್ಟಿದ್ದಾರೆ ಎಂದರ್ಥ.

ಎರಡನೆಯದು, ವಸ್ತು ನೆಲಕ್ಕೆ ತಾಗುವ ಜಾಗ. ಕೊಡವನ್ನು ಕಟ್ಟೆಯ ಮೇಲೆ ಇಟ್ಟು ನೋಡಿರಿ. ಕೊಡದ ಬುಡದಲ್ಲಿ ಸಣ್ಣ ಗೆರೆಯಂತೆ ಕಪ್ಪು ಕಾಣುತ್ತದೆ. ಆ ಕಪ್ಪು ಇಲ್ಲದಿದ್ದರೆ ವಸ್ತು ತೇಲಿದಂತೆ ಕಾಣುತ್ತದೆ. ಚಿತ್ರದ ಮಕ್ಕಳಿಬ್ಬರ ಕಾಲ ಕೆಳಗೆ ಆ ಕಪ್ಪೂ ಇಲ್ಲ, ನೆರಳೂ ಇಲ್ಲ. “ಈ ಹುಡುಗ್ಯಾರು ನೆಲಕ್ಕ ಕಾಲೇ ಊರಿಲ್ಲ” ಎಂದು ಒಬ್ಬರು ಥಟ್ಟನೆ ಹೇಳಿದರು.

ಮೂರನೆಯದು, ಬೆಳಕು ಬಣ್ಣ ಹೊತ್ತು ಪುಟಿಯುತ್ತದೆ. ಅಂಗಳದ ತುಂಬ ಅರಿಷಿಣ ಒಣಹಾಕಿ ಪಕ್ಕದಲ್ಲಿ ಕೂತರೆ ಬಿಳಿ ಗೋಡೆಗೂ ಹಳದಿ ಛಾಯೆ ಬರುತ್ತದೆ. ಒಳ್ಳೆಯ ಚಿತ್ರಕಾರರು ಕಂಪ್ಯೂಟರಿನಿಂದ ಈ ಪುಟಿತವನ್ನೂ ಲೆಕ್ಕ ಹಾಕಿಸುತ್ತಾರೆ. ಅವಸರದ ಚಿತ್ರದಲ್ಲಿ ಅದು ಇರುವುದಿಲ್ಲ. ಹಾಗಾಗಿ ಎಲ್ಲವೂ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತದೆ.

ದೊಡ್ಡ ಸುಳ್ಳು ಹೊರಬಿದ್ದದ್ದೂ ಬೆಳಕಿನಿಂದಲೇ. ರಸ್ತೆಯ ಎರಡೂ ಬದಿಯ ಮನೆಗಳು ಎದುರು-ಬದುರು. ಎರಡೂ ಸಾಲಿನ ಮುಂಬಾಗಿಲಿಗೆ ಒಂದೇ ಹೊತ್ತಿಗೆ ಎಳೆಬಿಸಿಲು! ಕೆಳಗೆ ದಪ್ಪ ಅಕ್ಷರದಲ್ಲಿ, ಎಲ್ಲ ಮನೆಗಳೂ ಪೂರ್ವಾಭಿಮುಖ ಎಂದು ಬರೆದಿತ್ತು. ಸಾಲೆ ಕಲಿಯದ ತಾಯಿಯೊಬ್ಬರು ಎದ್ದು ನಿಂತು, “ಒಬ್ಬರಿಗೊಬ್ಬರು ಮಾರಿ ಮಾಡಿ ಕುಂತ ಮ್ಯಾಲ ಇಬ್ಬರೂ ಮೂಡಣಕ್ಕ ಹ್ಯಾಂಗ ನೋಡತಾರ?” ಎಂದರು. ಸಭೆ ಒಂದು ಗಳಿಗೆ ಸುಮ್ಮನಾಯಿತು. ನಾವೂ ಅದನ್ನು ಗಮನಿಸಿರಲಿಲ್ಲ.

3. ಚೌಕಟ್ಟು ನೋಡಿರಿ

ಚಿತ್ರದಲ್ಲಿ ಏನನ್ನು ಎಲ್ಲಿ ಇಡಬೇಕು, ಎಲ್ಲಿಗೆ ಕತ್ತರಿಸಬೇಕು ಎಂದು ಯಾರೋ ತೀರ್ಮಾನ ಮಾಡಿರುತ್ತಾರೆ. ರಂಗೋಲಿ ಹಾಕುವಾಗ ನಾವು ಚುಕ್ಕಿ ಎಣಿಸುವ ಹಾಗೆಯೇ. ರಸ್ತೆಯ ಎರಡು ಅಂಚು ಒಳಗೆ ಹೋಗಿ ಕೂಡುವ ಕಡೆಗೆ ನಮ್ಮ ಕಣ್ಣು ಎಳೆದುಕೊಂಡು ಹೋಗುತ್ತದೆ. ಅಲ್ಲಿ ಒಂದು ಉದ್ಯಾನ, ಕಾರಂಜಿ ಇಟ್ಟರೆ ನೋಡಿದವರ ಮನಸ್ಸು ಅಲ್ಲೇ ನಿಲ್ಲುತ್ತದೆ. ಹಾಗಾಗಿ ನಡುವೆ ನೋಡಿದ್ದು ಸಾಕು, ಅಂಚು ನೋಡಿರಿ.

ಅಗಲವನ್ನು ಹೀಗೆ ಅಳೆಯಿರಿ. ಆ ಚಿತ್ರದಲ್ಲಿ ಒಂದು ಸ್ಕೂಟರ್ ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಸ್ಕೂಟರಿನ ಉದ್ದ ಸುಮಾರು 6 ಅಡಿ. ಪಟ್ಟಿ ಹಿಡಿದು ಅದೇ ಸಾಲಿನಲ್ಲಿ ಅಳೆದರೆ ರಸ್ತೆಯ ಅಗಲಕ್ಕೆ ಏಳು ಸ್ಕೂಟರ್ ಹಿಡಿಸಿದವು. ಅಂದರೆ 42 ಅಡಿ. ಕಾಗದದ ಹಿಂದೆ ಸಣ್ಣ ಅಕ್ಷರದ ನಕ್ಷೆಯಲ್ಲಿ ರಸ್ತೆ 20 ಅಡಿ ಎಂದಿತ್ತು! ಅಳೆಯುವಾಗ ಒಂದು ಎಚ್ಚರ: ದೂರದ್ದು ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ವಸ್ತು ನಿಂತ ಜಾಗದಲ್ಲೇ ಅಳೆಯಬೇಕು.

ಕೊನೆಯ ಪ್ರಶ್ನೆ: ಚೌಕಟ್ಟಿನ ಆಚೆಗೆ ಏನಿದೆ? “ಎಡಕ್ಕ ಯಾಕ ಇಷ್ಟು ಒತ್ತಿ ಕತ್ತರಿಸ್ಯಾರ?” ಎಂದು ಒಬ್ಬರು ಕೇಳಿದರು. ರಾಮದುರ್ಗದ ಅಕ್ಕಂದಿರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ಊರೊಳಗೆ ಬಂದಳು. ನದಿ, ಹಳ್ಳ ಎಲ್ಲಿದೆ ಎಂದು ಯಾವ ಬಣ್ಣದ ಕಾಗದವೂ ತಾನಾಗಿ ಹೇಳುವುದಿಲ್ಲ.

ಈಗ ಇನ್ನೊಂದು ಬಗೆಯ ಚಿತ್ರ ಬಂದಿದೆ. ಬಾಯಿಮಾತಿನಂತೆ ನಾಲ್ಕು ಸಾಲು ಬರೆದುಕೊಟ್ಟರೆ ಕಂಪ್ಯೂಟರೇ ಚಿತ್ರ ಮಾಡಿಕೊಡುತ್ತದೆ. ಅಂಥದ್ದರಲ್ಲಿ ಅಂಗಡಿ ಬೋರ್ಡಿನ ಅಕ್ಷರ ಓದಿ ನೋಡಿರಿ, ಬೆರಳು ಎಣಿಸಿರಿ. ಅಕ್ಷರಕ್ಕೆ ಅರ್ಥವಿಲ್ಲದಿರುವುದು, ಬೆರಳು ಹೆಚ್ಚು-ಕಡಿಮೆ ಇರುವುದು ಉಂಟು.

ಕಾಗದ ಬಿಟ್ಟು ನೆಲಕ್ಕೆ ಹೋಗಿರಿ

ಮರುದಿನ ನಾವು ಎಂಟು ಜನ ಟಂಟಂ ಮಾಡಿಕೊಂಡು ಆ ಜಾಗಕ್ಕೆ ಹೋದೆವು. ಜೋಳ ಕೊಯ್ದ ಹೊಲ, ಸುಣ್ಣದ ಕಲ್ಲು. ಚಿತ್ರ ಕತ್ತರಿಸಿದ ಎಡಕ್ಕೆ ಹಳ್ಳ. ಕಳೆದ ಮಳೆಯ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಜಾಲಿಕಂಟಿಗೆ ಸಿಕ್ಕಿದ ಕಸವೇ ತೋರಿಸುತ್ತಿತ್ತು.

ಕಾನೂನು ನಮ್ಮ ಪರವಾಗಿದೆ, ತಿಳಿದಿರಲಿ. ರಿಯಲ್ ಎಸ್ಟೇಟ್ ಕಾಯ್ದೆ 2016, ಅಂದರೆ ರೇರಾ, ಹೀಗೆ ಹೇಳುತ್ತದೆ:
– ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ (ಸುಮಾರು 5 ಗುಂಟೆ) ಹೆಚ್ಚಿನ ಜಾಗದಲ್ಲಿ ಪ್ಲಾಟು ಮಾಡಿ ಮಾರುವವರು ಮೊದಲು ನೋಂದಣಿ ಮಾಡಿಸಬೇಕು. ಆಮೇಲೆಯೇ ಜಾಹೀರಾತು.
– ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಎದ್ದು ಕಾಣಬೇಕು.
– ಬರವಣಿಗೆಯ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.
– ಜಾಹೀರಾತಿನ ಸುಳ್ಳು ಮಾತು ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು. ಬೇಡವೆಂದು ಹಿಂದೆ ಸರಿದರೆ ಕೊಟ್ಟ ಹಣ ಬಡ್ಡಿ ಸಮೇತ ಬರಬೇಕು.
ಇದರ ಜೊತೆ ಉತಾರ, ಎನ್.ಎ. ಆದೇಶ, ಲೇಔಟ್ ಮಂಜೂರಾತಿ ನಕ್ಷೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ., ಪಂಚಾಯತಿ ಜಾಗವಾದರೆ ಇ-ಸ್ವತ್ತು ಪತ್ರ ಇವನ್ನು ಕೇಳಿರಿ. ಜಾಹೀರಾತು ಕಾಗದವನ್ನು ಒಲೆಗೆ ಹಾಕಬೇಡಿರಿ, ಅದೇ ಸಾಕ್ಷಿ.

ಆ ಕಾಗದದಲ್ಲಿ ನೋಂದಣಿ ಸಂಖ್ಯೆ ಇರಲಿಲ್ಲ. ಕೇಳಿದರೆ, “ಬರತೈತಿ” ಎಂಬ ಉತ್ತರ. ಆ ತಾಯಿ ಮುಂಗಡ ಕೊಡಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅತ್ತರು. ಕಳೆದುಕೊಂಡದ್ದು ಹಣವಲ್ಲ, ಕಣ್ಣಲ್ಲಿ ಕಟ್ಟಿಕೊಂಡಿದ್ದ ಮನೆ. ಸಂಘದವರು ಸಾಲ ಕೊಟ್ಟು ಮೊದಲು ಬೋರಮಾಳ ಬಿಡಿಸಿದರು. ಅವರು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ, ಪ್ಲಾಟು ಹುಡುಕುತ್ತಿದ್ದಾರೆ. ಈಗ ಕಾಗದ ಕೊಟ್ಟವರಿಗೆ ಅವರು ಕೇಳುವ ಮೊದಲ ಮಾತು, “ಹಳ್ಳ ಎಲ್ಲೈತಿ?”

ಚಿತ್ರ ಮಾಡಿದ ಹುಡುಗ-ಹುಡುಗಿಯರನ್ನು ಬೈಯಬೇಡಿ. ಅದು ಕಷ್ಟಪಟ್ಟು ಕಲಿಯುವ ವಿದ್ಯೆ. ಇದಕ್ಕೆ ಬೇಕಾದ ಬ್ಲೆಂಡರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ನಮ್ಮ ಮಕ್ಕಳೂ ಕಲಿಯಲಿ. ಅವರು ಓಣಿಯ ಚಿತ್ರ ಮಾಡಿ ತೋರಿಸಿದಾಗ, “ಚೊಲೊ ಆಗೈತಿ” ಎಂದು ಬಿಡದೆ, ಗಟಾರ ಎಲ್ಲಿ, ನೆರಳು ಎತ್ತ, ಅಂಚಿನಾಚೆ ಏನು ಎಂದು ಕೇಳಿರಿ. ಅವರ ಕೈ ತಿದ್ದುತ್ತದೆ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಬೋಧಿಸಿದರು. ನಮ್ಮ ಸಂಘದ ಚಾಪೆಯ ಮೇಲೆ ಎಲ್ಲರೂ ಕುಳಿತು ನೋಡುವುದೂ ಅದೇ ಲೆಕ್ಕ.

ಸಂಘದಲ್ಲಿ ಚರ್ಚಿಸಲು:
1. ನಿಮ್ಮ ಊರಲ್ಲಿ ಹಂಚಿದ ಒಂದು ಕಾಗದ ತಂದು ಮೈ, ಬೆಳಕು, ಚೌಕಟ್ಟು ಮೂರನ್ನೂ ನೋಡಿರಿ. ಏನೇನು ಸಿಕ್ಕಿತು?
2. ನಿಮ್ಮ ಓಣಿಯ ಚಿತ್ರ ಮಾಡಿದರೆ ಯಾವ ಮೂರು ಗುರುತು ಇರಲೇಬೇಕು?
3. ಪ್ಲಾಟಿನ ಮುಂಗಡಕ್ಕೆ ಸಾಲ ಕೇಳಿದಾಗ, ಜಾಗ ನೋಡಿ ಬಂದ ಮೇಲೆಯೇ ಮಂಜೂರು ಎಂದು ನಿಮ್ಮ ಸಂಘ ಠರಾವು ಮಾಡಬಹುದೇ?