ಮಳೆಗಾಲಕ್ಕೆ ಮುನ್ನ ಕಾರಿನ ಹೀಟರ್ ಪರೀಕ್ಷೆ

ನಮ್ಮ ಕಡೆಯ ಹವೆಗೆ ಕಾರಿನಲ್ಲಿ ಹೀಟರ್ ಏತಕ್ಕೆ ಎಂದು ಕೇಳುವ ಸದಸ್ಯರು ಇದ್ದಾರೆ. ಜೂನ್ ತಿಂಗಳಿನಿಂದ ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಓಡಾಡುವವರಿಗೆ ಇದರ ಉತ್ತರ ಗೊತ್ತು. ಮಳೆಯಲ್ಲಿ ನೆನೆದ ನಾಲ್ವರು ಕಾರಿನೊಳಗೆ ಕುಳಿತರೆ ಕೆಲವೇ ನಿಮಿಷಗಳಲ್ಲಿ ಮುಂದಿನ ಗಾಜಿಗೆ ಆವಿ ಕಟ್ಟಿ ದಾರಿ ಕಾಣದಾಗುತ್ತದೆ. ಅದನ್ನು ನಿವಾರಿಸುವುದು ಬಿಸಿ ಮತ್ತು ಒಣ ಗಾಳಿ ಮಾತ್ರ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹೀಟರಿನ ದೋಷವು ಅನೇಕ ವೇಳೆ ಎಂಜಿನ್ನಿಗೆ ಬರಲಿರುವ ಆಪತ್ತಿನ ಮೊದಲ ಸೂಚನೆಯಾಗಿರುತ್ತದೆ.

ಕೆಲಸ ಮಾಡುವ ರೀತಿ

ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಹೀಟರಿಗೆ ಪ್ರತ್ಯೇಕ ಒಲೆ ಇರುವುದಿಲ್ಲ. ಎಂಜಿನ್ನನ್ನು ತಣಿಸಿ ಬಿಸಿಯಾದ ಕೂಲೆಂಟ್ ದ್ರವದ ಒಂದು ಭಾಗವು ಎರಡು ರಬ್ಬರ್ ಕೊಳವೆಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಇದಕ್ಕೆ ಹೀಟರ್ ಕೋರ್ ಎನ್ನುತ್ತಾರೆ. ಫ್ಯಾನು ಅದರ ಮೇಲೆ ಗಾಳಿ ಹಾಯಿಸುತ್ತದೆ. ಬಿಸಿ ಗಾಳಿ ಎಷ್ಟು, ತಣ್ಣನೆಯ ಗಾಳಿ ಎಷ್ಟು ಎಂಬುದನ್ನು ಒಳಗಿನ ಒಂದು ಸಣ್ಣ ಬಾಗಿಲು ನಿರ್ಧರಿಸುತ್ತದೆ. ಹಳೆಯ ವಾಹನಗಳಲ್ಲಿ ಈ ಬಾಗಿಲನ್ನು ತಂತಿ ಎಳೆಯುತ್ತಿತ್ತು. ಹೊಸ ಕಾರುಗಳಲ್ಲಿ ಹೆಚ್ಚಾಗಿ ಪುಟ್ಟ ಮೋಟಾರು ತಿರುಗಿಸುತ್ತದೆ.

ದೋಷ ಪತ್ತೆ ಮಾಡುವ ಕ್ರಮ

1. ಗಾಳಿಯೇ ಬಾರದಿದ್ದರೆ: ಮೊದಲು ಫ್ಯೂಸ್ ನೋಡಿರಿ. ಫ್ಯಾನು ಅತಿ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ನಿಂತಿದ್ದರೆ ಅದರ ರೆಸಿಸ್ಟರ್ ಸುಟ್ಟಿರುವ ಸಂಭವ ಹೆಚ್ಚು. ಫ್ಯಾನು ಸದ್ದು ಮಾಡಿದರೂ ಗಾಳಿ ಕಡಿಮೆಯಿದ್ದರೆ ಒಳಗಿನ ಗಾಳಿ ಫಿಲ್ಟರ್ ಕಟ್ಟಿದೆಯೇ ನೋಡಿರಿ. ತೋಟದಲ್ಲಿ ನಿಲ್ಲಿಸುವ ಕಾರುಗಳಲ್ಲಿ ವೈಪರಿನ ಕೆಳಗಿನ ಗಾಳಿದಾರಿಗೆ ಸಿಲ್ವರ್ ಓಕ್ ತರಗೆಲೆ ತುಂಬಿರುತ್ತದೆ. ನೀರು ಹೋಗುವ ರಂಧ್ರ ಮುಚ್ಚಿದರೆ ಮಳೆನೀರು ಕಾರಿನೊಳಕ್ಕೇ ಇಳಿಯುತ್ತದೆ.

2. ಗಾಳಿ ಬಂದರೂ ಬಿಸಿ ಬಾರದಿದ್ದರೆ: ಎಂಜಿನ್ ಪೂರ್ತಿ ತಣಿದಿರುವಾಗ ಕೂಲೆಂಟ್ ಮಟ್ಟ ನೋಡಿರಿ. ನಿಂತಾಗ ತಣ್ಣನೆಯ ಗಾಳಿ, ಎಂಜಿನ್ ವೇಗ ಹೆಚ್ಚಿಸಿದಾಗ ಬಿಸಿ ಗಾಳಿ ಬರುವುದು ಕೂಲೆಂಟ್ ಕಡಿಮೆಯಾಗಿರುವ ಅಥವಾ ಅದರಲ್ಲಿ ಗಾಳಿ ಸೇರಿರುವ ಲಕ್ಷಣ. ಹೀಗಿರುವಾಗ ಘಾಟಿ ಹತ್ತಬಾರದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿರಿ. ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ.

3. ಮಟ್ಟ ಸರಿಯಿದ್ದು, ಬಹಳ ದೂರ ಓಡಿದರೂ ಉಷ್ಣತೆಯ ಮುಳ್ಳು ಕೆಳಗೇ ಇದ್ದರೆ: ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಎಂದು ತಿಳಿಯಬಹುದು. ಅದು ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯಬೇಕು. ಎಂಜಿನ್ ಕಾಯುತ್ತದೆಂದು ಕೆಲವರು ಅದನ್ನು ತೆಗೆಸಿಯೇ ಬಿಡುವುದುಂಟು. ಇದು ತಪ್ಪು. ಎಂಜಿನ್ ತಕ್ಕಷ್ಟು ಬಿಸಿಯಾಗದೆ ಇಂಧನ ಹೆಚ್ಚು ಖರ್ಚಾಗುತ್ತದೆ.

4. ಮುಳ್ಳು ಸರಿಯಾದ ಜಾಗದಲ್ಲಿದ್ದರೆ: ಎಂಜಿನ್ ನಿಲ್ಲಿಸಿ, ಹೀಟರಿಗೆ ಹೋಗುವ ಎರಡು ಕೊಳವೆಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿರಿ. ರೇಡಿಯೇಟರ್ ಫ್ಯಾನು ತಾನಾಗಿ ತಿರುಗಬಹುದು, ಕೈ ದೂರವಿರಲಿ. ಎರಡೂ ಬಿಸಿಯಿದ್ದರೆ ದೋಷ ಒಳಬಾಗಿಲಿನದು. ಡ್ಯಾಶ್‌ಬೋರ್ಡಿನ ಹಿಂದೆ ಟಿಕ್ ಟಿಕ್ ಸದ್ದು ಕೇಳಿದರೆ ಅದರ ಮೋಟಾರಿನ ಹಲ್ಲುಗಳು ಸವೆದಿರಬಹುದು. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಹೀಟರ್ ಕೋರ್ ಕಟ್ಟಿರಬಹುದು, ಇಲ್ಲವೆ ಅದರ ವಾಲ್ವ್ ಮುಚ್ಚಿರಬಹುದು.

5. ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು, ಕಾಲಡಿಯ ಹಾಸು ಒದ್ದೆ: ಇವು ಹೀಟರ್ ಕೋರ್ ಸೋರುತ್ತಿರುವ ಗುರುತುಗಳು. ತಡಮಾಡದೆ ರಿಪೇರಿ ಮಾಡಿಸಿರಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ ತೊಳೆದುಬಿಡಿರಿ.

ಗಾಜಿಗೆ ಆವಿ ಕಟ್ಟಿದಾಗ

ಬೆರಳಿನಿಂದ ಒರೆಸಿ, ಆವಿ ಯಾವ ಬದಿಗಿದೆ ಎಂದು ತಿಳಿಯಿರಿ. ಒಳಗಿದ್ದರೆ ಹೊರಗಾಳಿ ಬರುವ ಗುಂಡಿ ಒತ್ತಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ಏಸಿ ಮತ್ತು ಹೀಟರ್ ಎರಡನ್ನೂ ಹಾಕಿರಿ. ಏಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಹಾಕಿದ್ದರೆ ಆವಿ ಮತ್ತೆ ಮತ್ತೆ ಕಟ್ಟುತ್ತದೆ. ಆವಿ ಹೊರಬದಿಗಿದ್ದರೆ ಏಸಿಯಿಂದ ಗಾಜು ಅತಿಯಾಗಿ ತಣ್ಣಗಾಗಿದೆ ಎಂದರ್ಥ. ವೈಪರ್ ಹಾಕಿ, ತಂಪು ಕಡಿಮೆ ಮಾಡಿರಿ.

ಏರಿನಲ್ಲಿ ಎಂಜಿನ್ ಮಿತಿಮೀರಿ ಕಾದರೆ ಏಸಿ ನಿಲ್ಲಿಸಿ ಹೀಟರನ್ನು ಪೂರ್ತಿ ತೆರೆಯಿರಿ. ಎಂಜಿನ್ನಿನ ಸ್ವಲ್ಪ ಬಿಸಿ ಕಾರಿನೊಳಕ್ಕೆ ಬಂದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸುವಷ್ಟು ಅವಕಾಶ ಸಿಗಬಹುದು. ಆಮೇಲೆ ಓಡಿಸದೆ ಎಂಜಿನ್ ತಣಿಯಲು ಬಿಡಿರಿ.

ಬೋರ್ಡೋ ಸಿಂಪರಣೆಯನ್ನು ಮಳೆ ಹಿಡಿಯುವ ಮುನ್ನ ಮುಗಿಸುವಂತೆ ಈ ಪರೀಕ್ಷೆಯನ್ನೂ ಮೇ ತಿಂಗಳಲ್ಲೇ ಮಾಡಿ ಮುಗಿಸುವುದು ಲೇಸು. ಕೂಲೆಂಟ್ ಮಟ್ಟ ನೋಡಿ ಕೊಳವೆ ಮುಟ್ಟುವುದಕ್ಕೆ ಅರ್ಧ ಗಂಟೆ ಸಾಕು.