ಆಣೆಗಿಂತ ಅಭ್ಯಾಸ ಮುಖ್ಯ

ಪ್ರಶ್ನೆ: ಐದು ತಿಂಗಳು ಕುಡಿದಿರಲಿಲ್ಲ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋದಾಗ ಗೆಳೆಯರ ಒತ್ತಾಯಕ್ಕೆ ಒಂದು ಕ್ವಾರ್ಟರ್ ಕುಡಿದೆ. ಇನ್ನು ನನ್ನ ಕೈಲಾಗದು ಅನ್ನಿಸುತ್ತಿದೆ. ಮತ್ತೊಮ್ಮೆ ಆಣೆ ಮಾಡಲೇ?
– ಓದುಗ, ಯಾದಗಿರಿ

ಉತ್ತರ: ಆಣೆ ಬೇಡ. ಒಂದು ದಿನ ಜಾರಿದ್ದರಿಂದ ಐದು ತಿಂಗಳ ಸಾಧನೆ ಅಳಿಸಿಹೋಗುವುದಿಲ್ಲ. ನಿಜವಾದ ಅಪಾಯ ಮರುದಿನದ್ದು. ‘ಹೇಗೂ ಕೆಟ್ಟೆ, ಇನ್ನೇನು’ ಎಂಬ ನಾಚಿಕೆಯೇ ಮತ್ತೆ ಬಾರಿನತ್ತ ಎಳೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು.

ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಮನಸ್ಸು ಸೋಲುತ್ತದೆ ಎಂದು ಬರೆದಿಡಿ. ಅಂಥ ಕಡೆ ಹೇಳಬೇಕಾದ ಮಾತನ್ನು ಮನೆಯಲ್ಲೇ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಿ: ‘ಗುಳಿಗಿ ನಡದಾವ, ನನಗ ಬ್ಯಾಡ್ರಪ್ಪ.’ ಕುಡಿಯುವ ಆಸೆ ಎಷ್ಟೇ ಜೋರಾಗಿ ಬಂದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಅಲ್ಲಿಂದ ಎದ್ದು ಬನ್ನಿ, ಹೊಟ್ಟೆ ತುಂಬ ಉಣ್ಣಿ, ನಂಬುವವರಿಗೆ ಫೋನ್ ಮಾಡಿ. ಹೀಗೆ ದಾಟಿದ ಒಂದೊಂದು ಸಂಜೆಯೂ ನಿಮ್ಮ ಆತ್ಮವಿಶ್ವಾಸಕ್ಕೆ ಆಧಾರವಾಗುತ್ತದೆ.

ಪ್ರಶ್ನೆ: ಪತಿ ಕುಡಿತ ಬಿಟ್ಟು ಎರಡು ತಿಂಗಳಾಯಿತು. ಹತ್ತಿ ಮಾರಿದ ದುಡ್ಡು ಅವರ ಕೈಗೆ ಕೊಡಲು ಹೆದರಿಕೆ. ಅವರಿಗೆ ಗೊತ್ತಾಗದಂತೆ ಊಟದಲ್ಲಿ ಮಾತ್ರೆ ಬೆರೆಸಬಹುದೇ?
– ಓದುಗರು, ಶಹಾಪುರ

ಉತ್ತರ: ಖಂಡಿತ ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಹೊಟ್ಟೆಯಲ್ಲಿದ್ದಾಗ ಮದ್ಯ ಸೇರಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾಗಬಹುದು. ಅವರಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ನಿಗಾದಲ್ಲೇ ಅದನ್ನು ಕೊಡಬೇಕು. ದೊಡ್ಡ ಮೊತ್ತ ಸದ್ಯ ಬ್ಯಾಂಕಿನ ಜಂಟಿ ಖಾತೆಯಲ್ಲಿರಲಿ. ಸಂತೆ, ಕಿರಾಣಿಯಂಥ ಸಣ್ಣ ಜವಾಬ್ದಾರಿಗಳನ್ನು ಅವರಿಗೇ ಒಪ್ಪಿಸಿ. ಮನೆಗೆ ಬಂದ ಕೂಡಲೇ ಬಾಯಿ ಮೂಸಿ ನೋಡುವುದಕ್ಕಿಂತ, ‘ಮಗನ್ನ ಸಾಲಿಗೆ ಬಿಟ್ಟು ಬಂದ್ರಿ, ಚಲೋ ಆತು’ ಎಂದರೆ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಆರು ತಿಂಗಳಿಂದ ಕುಡಿದಿಲ್ಲ. ಈಗ ಪೂರಾ ಧೈರ್ಯ ಬಂದಿದೆ. ಮಾತ್ರೆ ನಿಲ್ಲಿಸಿ, ಹಳೆಯ ಗೆಳೆಯರ ಪಾರ್ಟಿಗೆ ಹೋಗಬಹುದೇ?
– ಓದುಗ, ಸುರಪುರ

ಉತ್ತರ: ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಳ್ಳುವುದು ಆತ್ಮವಿಶ್ವಾಸವಲ್ಲ. ಬೇಕೆಂದೇ ಬಾಟಲಿಯ ಮುಂದೆ ಕೂರಬೇಡಿ. ಗೆಳೆಯರನ್ನು ಬೆಳಿಗ್ಗೆ ಚಹಾಕ್ಕೆ ಕರೆಯಿರಿ, ಬರುವವರು ಬರಲಿ. ಮಾತ್ರೆ ನಿಲ್ಲಿಸುವ ತೀರ್ಮಾನ ವೈದ್ಯರಿಗೆ ಬಿಡಿ. ತಾಲ್ಲೂಕು ಆಸ್ಪತ್ರೆಯ ‘ಮನೋಚೈತನ್ಯ’ ಕ್ಲಿನಿಕ್‌ ಬಗ್ಗೆ ವಿಚಾರಿಸಿ. ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.

ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟಾಗ ಕೈ ನಡುಕ, ಫಿಟ್ಸ್, ಭ್ರಮೆ ಕಾಣಿಸಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.